ಹಸಿರಾಗಿದ್ದೇ ಸಾಯುವ ಜುನಿಪರ್

ಪ್ರಶ್ನೆ: ಯುಗಾದಿಯ ಹೊತ್ತಿಗೆ ನರ್ಸರಿಯಿಂದ ಎರಡು ಜುನಿಪರ್ ಗಿಡ ತಂದು ಬಾಲ್ಕನಿಯ ಕುಂಡಗಳಲ್ಲಿ ನೆಟ್ಟೆ. ಬೆಳಿಗ್ಗೆ ಎರಡು ಗಂಟೆ ಬಿಸಿಲು ಬೀಳುತ್ತದೆ. ದಿನವೂ ತಪ್ಪದೆ ಒಂದೊಂದು ಚೊಂಬು ನೀರು ಹಾಕಿದ್ದೇನೆ. ದೀಪಾವಳಿಯ ತನಕ ಚೆನ್ನಾಗಿದ್ದವು. ಈಗ ಒಂದು ಗಿಡದ ತುದಿಗಳು ಬೂದಿ ಬಣ್ಣಕ್ಕೆ ತಿರುಗಿ ಕಂದಾಗುತ್ತಿವೆ. ನೀರು ಹೆಚ್ಚಿಸಿದರೂ ಚೇತರಿಸಿಕೊಳ್ಳಲಿಲ್ಲ. ಇನ್ನೊಂದನ್ನಾದರೂ ಉಳಿಸಿಕೊಳ್ಳಬಹುದೇ?
– ವಿಜಯನಗರ, ಬೆಂಗಳೂರು

ಉತ್ತರ: ಉಳಿಸಿಕೊಳ್ಳಬಹುದು, ಮೊದಲು ಆ ಚೊಂಬನ್ನು ಒಳಗಿಡಿ. ಜುನಿಪರ್ ಕಲ್ಲುನೆಲ, ಗುಡ್ಡದ ಇಳಿಜಾರುಗಳ ಗಿಡ. ಲಡಾಖ್, ಲಾಹೌಲ್‌ಗಳ ಒಣ ಕಣಿವೆಗಳಲ್ಲೂ ಬೆಳೆಯುತ್ತದೆ. ಲಡಾಖಿನವರು ಅದನ್ನು ಶುಕ್ಪಾ ಎಂದು ಕರೆದು ಧೂಪಕ್ಕೆ ಬಳಸುತ್ತಾರೆ. ನಮ್ಮ ನರ್ಸರಿಗಳಲ್ಲಿ ಹೆಚ್ಚಾಗಿ ಸಿಗುವ ಚೀನಾ ಜುನಿಪರ್ ಬೆಂಗಳೂರಿನ ಹವೆಗೆ ಹೊಂದಿಕೊಂಡಿದೆ. ಆದರೆ ಬುಡದಲ್ಲಿ ನೀರು ನಿಂತರೆ ಅದೂ ತಾಳುವುದಿಲ್ಲ.

ತುಳಸಿಗೆ ಬಾಯಾರಿದರೆ ಮಧ್ಯಾಹ್ನದೊಳಗೆ ಎಲೆ ಜೋತುಬಿದ್ದು ತಿಳಿಸುತ್ತದೆ. ಮೇಣ ಬಳಿದಂತಿರುವ ಜುನಿಪರ್ ಎಲೆಗೆ ಆ ಅಭ್ಯಾಸವಿಲ್ಲ. ಬೇರು ಕೊಳೆತ ಮೇಲೂ ಅದು ತನ್ನಲ್ಲಿರುವ ತೇವದಲ್ಲೇ ಎಷ್ಟೋ ವಾರ ಹಸಿರಾಗಿ ನಿಂತಿರುತ್ತದೆ. ದೀಪಾವಳಿಯ ಮೇಲೆ ನೀವು ಕಂಡ ಕಂದು ಬಣ್ಣ ಬಹುಶಃ ಗಣೇಶನ ಹಬ್ಬದ ಮಳೆಯಲ್ಲೇ ಶುರುವಾದ ಕೊಳೆಯದು. ಒಣಗಿದೆಯೆಂದುಕೊಂಡು ನೀವು ಮತ್ತಷ್ಟು ನೀರು ಹಾಕಿದಿರಿ. ಹತ್ತರಲ್ಲಿ ಎಂಟು ಜುನಿಪರ್ ಪತ್ರಗಳ ಕಥೆ ಇದೇ, ಬೇಸರಿಸಬೇಡಿ.

ಒಣಗಿದ ಗಿಡವನ್ನು ಕುಂಡದಿಂದ ಕಿತ್ತು ನೋಡಿ. ಬೇರು ಕಪ್ಪಾಗಿದ್ದು, ಬೆರಳಲ್ಲಿ ಹಿಡಿದೆಳೆದರೆ ಸಿಪ್ಪೆ ಜಾರಿ ನಡುವಿನ ನಾರಷ್ಟೇ ಉಳಿದರೆ ಅದರ ಆಸೆ ಬಿಡಿ. ಇನ್ನೊಂದರ ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ಹಸಿರು ಕಂಡರೆ ಇವತ್ತೇ ಕುಂಡ ಬದಲಿಸಿ. ನರ್ಸರಿಯವರು ಪ್ಲಾಸ್ಟಿಕ್ ಚೀಲದಲ್ಲಿ ಕೊಡುವ ಗಿಡದ ಬುಡದಲ್ಲಿ ಅಂಟು ಕೆಮ್ಮಣ್ಣಿನ ಮುದ್ದೆ ಇರುತ್ತದೆ. ಅದನ್ನು ಹಾಗೇ ಹೂತರೆ ಸುತ್ತಲಿನ ಗೊಬ್ಬರ ಆರಿದರೂ ಮುದ್ದೆಯೊಳಗೆ ಕೆಸರು ಉಳಿಯುತ್ತದೆ. ಚೂಪಾದ ಕಡ್ಡಿಯಿಂದ ಮುದ್ದೆಯ ಹೊರಪದರವನ್ನು ಮೆಲ್ಲಗೆ ಉದುರಿಸಿ. ಪೂರ್ತಿ ತೊಳೆಯಲು ಹೋಗಬೇಡಿ, ಎಳೆ ಬೇರು ಹರಿಯುತ್ತದೆ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಅರ್ಧ ಪಾಲು ಹಳೆಯ ಕಾಂಪೋಸ್ಟ್ ಸಾಕು. ಕುಂಡದಡಿಯ ತಟ್ಟೆ ತೆಗೆದುಬಿಡಿ. ಎರಡು ಇಂಚು ಬೆರಳಿಳಿಸಿ ಒಣಗಿದೆ ಅನಿಸಿದರೆ ಮಾತ್ರ ನೀರು, ಹಾಕಿದ ದಿನ ತೂತಿನಿಂದ ಹರಿಯುವಷ್ಟು.

ಎರಡು ಗಂಟೆ ಬಿಸಿಲು ಇದಕ್ಕೆ ಸಾಲದು, ಕನಿಷ್ಠ ಆರು ಗಂಟೆ ಬೇಕು. ಮಹಡಿಯ ಮೇಲೆ ಜಾಗವಿದ್ದರೆ ಅಲ್ಲಿಗೆ ಸಾಗಿಸಿ, ಆದರೆ ವಾರವೊಂದರಲ್ಲಿ ಹಂತಹಂತವಾಗಿ. ಜಾಗವಿಲ್ಲದಿದ್ದರೆ ಬಿಸಿಲಿರುವ ಮನೆಯವರಿಗೆ ಕೊಟ್ಟುಬಿಡುವುದು ಒಳಿತು. ಕೋಣೆಯೊಳಗಿನ ಮೇಜಿಗೆ ಚೆಂದವೆಂದು ಮಾರುವ ಜುನಿಪರ್ ಬೋನ್ಸಾಯ್ ಕೂಡ ಬಿಸಿಲಿಲ್ಲದೆ ಬಾಳುವುದಿಲ್ಲ.

ಬೇಸಿಗೆಯಲ್ಲಿ ತುದಿಗಳು ಮಂಕಾದರೆ ನುಸಿಯನ್ನೂ ಅನುಮಾನಿಸಿ. ಕೊಂಬೆಯಡಿ ಬಿಳಿ ಹಾಳೆ ಹಿಡಿದು ತಟ್ಟಿ; ಬಿದ್ದ ಧೂಳಿನ ಕಣಗಳು ನಡೆದಾಡಿದರೆ ಅದೇ. ಪೈಪಿನ ರಭಸದ ನೀರಿನಿಂದ ಎಲೆಗಳನ್ನು ಮೂರ್ನಾಲ್ಕು ದಿನಕ್ಕೊಮ್ಮೆ ತೊಳೆದರೆ ಬಹುಪಾಲು ಹೋಗುತ್ತವೆ. ಬೇವಿನೆಣ್ಣೆ ಬೇಕಾದರೆ ಸಂಜೆ ಸಿಂಪಡಿಸಿ. ನೀಲಿ ಛಾಯೆಯ ತಳಿಯಾದರೆ ಎಣ್ಣೆ ಅದರ ನೀಲಿಯನ್ನೇ ಒರೆಸಿಬಿಡುತ್ತದೆ.

ಪ್ರಶ್ನೆ: ಗೇಟಿನ ಪಕ್ಕದ ಜುನಿಪರ್ ವಿಪರೀತ ಹರಡಿತ್ತು. ಮೇ ತಿಂಗಳಲ್ಲಿ ಡುರಾಂಟಾ ಬೇಲಿಯಂತೆ ಅರ್ಧಕ್ಕೆ ಕತ್ತರಿಸಿದೆ. ಆರು ತಿಂಗಳಾದರೂ ಬೋಳು ಕೋಲುಗಳು ಚಿಗುರಿಲ್ಲ.
– ಸಕಲೇಶಪುರ

ಉತ್ತರ: ಆ ಕೋಲುಗಳು ಇನ್ನು ಚಿಗುರುವುದಿಲ್ಲ. ಡುರಾಂಟಾವನ್ನು ಬುಡಕ್ಕೆ ಕಡಿದರೂ ಮೊಳೆಯುತ್ತದೆ. ಜುನಿಪರಿನ ಎಲೆಯಿಲ್ಲದ ಹಳೆಯ ಕಟ್ಟಿಗೆಯಲ್ಲಿ ಮೊಗ್ಗು ಉಳಿದಿರುವುದಿಲ್ಲ. ಕತ್ತರಿ ಹಸಿರಿನೊಳಗೇ ಆಡಬೇಕು, ವರ್ಷಕ್ಕೆ ಎರಡು ಸಲ ಸ್ವಲ್ಪಸ್ವಲ್ಪವೇ. ಈಗ ಬೋಳು ಕೊಂಬೆಗಳನ್ನು ಬುಡದಲ್ಲಿ ತೆಗೆದು, ಪಕ್ಕದ ಹಸಿರು ಕೊಂಬೆಯನ್ನು ಆ ಕಡೆಗೆ ಬಾಗಿಸಿ ಕಟ್ಟಿ ನೋಡಿ. ಕತ್ತರಿಸಿದ ಕಡೆ ಚುಚ್ಚುವ ಸೂಜಿ ಎಲೆ ಬಂದರೆ ಗಾಬರಿಯಾಗಬೇಡಿ, ಅದು ಅದರ ಎಳೆತನದ ಎಲೆ.

ಪ್ರಶ್ನೆ: ನಮ್ಮ ಹಿತ್ತಲಿನ ಜುನಿಪರಿನಲ್ಲಿ ವಸಂತದ ಮಳೆಗೆ ಕಿತ್ತಳೆ ಬಣ್ಣದ ಲೋಳೆ ಕೊಂಬುಗಳು ಬಂದವು. ಬೇಸಿಗೆಗೆ ಸೇಬಿನ ಎಲೆಗಳಲ್ಲೂ ಕಿತ್ತಳೆ ಚುಕ್ಕೆ. ಸಂಬಂಧವಿದೆಯೇ?
– ನ್ಯೂಜೆರ್ಸಿ, ಅಮೆರಿಕ

ಉತ್ತರ: ಇದೆ. ಒಂದೇ ತುಕ್ಕು ಶಿಲೀಂಧ್ರ ಬಾಳಿನ ಅರ್ಧವನ್ನು ಜುನಿಪರಿನಲ್ಲೂ ಉಳಿದರ್ಧವನ್ನು ಸೇಬಿನಲ್ಲೂ ಕಳೆಯುತ್ತದೆ. ನಿಮ್ಮ ಸೀಮೆಯಲ್ಲಿ ರೆಡ್ ಸೀಡರ್ ಎನ್ನುವ ಮರವೂ ಜುನಿಪರೇ. ಅದಕ್ಕೆ ಈ ರೋಗದಿಂದ ಹೆಚ್ಚು ಹಾನಿಯಿಲ್ಲ, ನರಳುವುದು ಸೇಬು. ಚಳಿಗಾಲ ಮುಗಿಯುವ ಮುನ್ನ, ಕೊಂಬು ಹೊರಡುವ ಮೊದಲೇ, ಜುನಿಪರಿನ ಕಂದು ಗಂಟುಗಳನ್ನು ಕತ್ತರಿಸಿ ಎಸೆಯಿರಿ. ಬೀಜಕಣಗಳು ಗಾಳಿಯಲ್ಲಿ ಬಹುದೂರ ಬರುವುದರಿಂದ ನಿಮ್ಮ ಮರವನ್ನೇ ಕಡಿದರೂ ಖಾತರಿಯಿಲ್ಲ. ಹೊಸ ಸೇಬಿನ ಗಿಡ ನೆಡುವುದಾದರೆ ಲಿಬರ್ಟಿಯಂಥ ತುಕ್ಕು ತಡೆಯುವ ತಳಿ ಕೇಳಿ ತನ್ನಿ.