ಹುಳು ಬಿದ್ದ ಹುಣ್ಣು ಮತ್ತು ರಕ್ತಕ್ಕೇರಿದ ಸೋಂಕು

ಪ್ರಶ್ನೆ: ನಮ್ಮದು ಕುರಿ ಸಾಕುವ ಕುಟುಂಬ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ ತಂದೆಯವರ ಅಂಗಾಲಿನ ಹುಣ್ಣಿಗೆ ಹುಳು ಬಿದ್ದಿತ್ತು. ಸೀಮೆಎಣ್ಣೆ ಹಾಕಿ ತೆಗೆದೆವು. ಎರಡು ದಿನಗಳಲ್ಲಿ ಚಳಿಜ್ವರ ಬಂದಿದ್ದರಿಂದ ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದೆವು. ರಕ್ತದ ಕಲ್ಚರ್ ವರದಿಯಲ್ಲಿ ‘ವೋಲ್‌ಫಾರ್ಟಿಮೋನಾಸ್’ ಎಂದು ಬಂದಿದೆ. ಇದು ಕುರಿಯಿಂದ ಬಂದ ರೋಗವೇ? ಮನೆಯವರಿಗೂ ಅಂಟುತ್ತದೆಯೇ?
– ಓದುಗರೊಬ್ಬರು, ಚಳ್ಳಕೆರೆ ತಾಲ್ಲೂಕು

ಉತ್ತರ: ಕುರಿಗಳನ್ನು ದೂರಬೇಡಿ, ಈ ಸೋಂಕು ಬರುವುದು ನೊಣದ ಹುಳುಗಳ ಮೂಲಕ. ಆದರೂ ನಿಮ್ಮ ಸಂಶಯಕ್ಕೆ ಒಂದು ಎಳೆಯ ಆಧಾರವಿದೆ. ಯುರೋಪಿನಲ್ಲಿ ಕುರಿಗಳ ಗಾಯಗಳಲ್ಲಿ ಮರಿ ಹಾಕುವ ‘ವೋಲ್‌ಫಾರ್ಟಿಯಾ ಮ್ಯಾಗ್ನಿಫಿಕಾ’ ಎಂಬ ಮಾಂಸದ ನೊಣವಿದೆ. ಹಂಗೇರಿಯಲ್ಲಿ ಅದರ ಹುಳುಗಳಲ್ಲಿ ದೊರೆತ ಬ್ಯಾಕ್ಟೀರಿಯಾಕ್ಕೆ 2008ರಲ್ಲಿ ‘ವೋಲ್‌ಫಾರ್ಟಿಮೋನಾಸ್ ಕಿಟಿನಿಕ್ಲಾಸ್ಟಿಕಾ’ ಎಂದು ಹೆಸರಿಟ್ಟರು. ಕೀಟಗಳ ಹೊರಕವಚದಲ್ಲಿರುವ ಕೈಟಿನ್ ಎಂಬ ವಸ್ತುವನ್ನು ಒಡೆಯಬಲ್ಲದ್ದು ಎಂಬುದು ಎರಡನೆಯ ಪದದ ಅರ್ಥ. ನಂತರ ಬೇರೆ ಜಾತಿಯ ನೊಣಗಳಲ್ಲೂ ಇದು ಸಿಕ್ಕಿದೆ. ಮನುಷ್ಯರ ರಕ್ತದಲ್ಲಿ ಇದು ಕಂಡ ಮೊದಲ ಪ್ರಕರಣ 2009ರಲ್ಲಿ ವರದಿಯಾಯಿತು. ರೋಗಿ ಫ್ರಾನ್ಸಿನ ಮಾರ್ಸೇಯ್ ನಗರದ ಒಬ್ಬ ಮನೆಯಿಲ್ಲದ ಮಹಿಳೆ. ಇದರ ಸಮೀಪದ ‘ಇಗ್ನಾಟ್ಸ್‌ಶಿನೇರಿಯಾ’ ಕುಲದ ಬ್ಯಾಕ್ಟೀರಿಯಾಗಳೂ ಹುಳು ಬಿದ್ದ ಗಾಯಗಳಲ್ಲೇ ಸಿಗುತ್ತವೆ. ಅವುಗಳಲ್ಲೊಂದರ ಹೆಸರು ‘ಇಂಡಿಕಾ’. ಅದನ್ನು ಗುರುತಿಸಿದ್ದು ಭಾರತದ ಮಾಂಸದ ನೊಣಗಳಲ್ಲಿ.

ಕೆಲವು ನೊಣಗಳು ಗಾಯದ ಅಂಚಿನಲ್ಲಿ ಮೊಟ್ಟೆಯಿಡುತ್ತವೆ, ಮಾಂಸದ ನೊಣಗಳು ನೇರವಾಗಿ ಮರಿಹುಳುಗಳನ್ನೇ ಬಿಡುತ್ತವೆ. ಹುಳುಗಳು ಗಾಯವನ್ನು ತಿನ್ನುತ್ತಾ ಆಳಕ್ಕಿಳಿದಂತೆ ಅವುಗಳೊಳಗಿನ ಬ್ಯಾಕ್ಟೀರಿಯಾ ಗಾಯಕ್ಕೂ, ದೇಹ ಬಳಲಿದ್ದರೆ ಅಲ್ಲಿಂದ ರಕ್ತಕ್ಕೂ ಸೇರುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಹೋಗಿರುವವರಿಗೆ ಹುಣ್ಣಾದದ್ದಾಗಲಿ, ಹುಳು ಹರಿದಾಡುವುದಾಗಲಿ ತಿಳಿಯುವುದಿಲ್ಲ. ತಂದೆಯವರು ನೋವೆಂದು ಹೇಳಲಿಲ್ಲವೆಂದು ಅವರ ಮೇಲೆ ಬೇಸರಪಡಬೇಡಿ. ನೆಗಡಿಯಂತೆ ಅಂಟುವ ರೋಗ ಇದಲ್ಲ, ಜೊತೆಯಲ್ಲಿ ಕುಳಿತು ಉಣ್ಣುವುದಕ್ಕೆ ಅಡ್ಡಿಯಿಲ್ಲ. ಗಾಯ ತೊಳೆಯುವವರು ಕೈಗವಸು ತೊಟ್ಟು, ಆಮೇಲೆ ಸಾಬೂನಿನಿಂದ ಕೈ ತೊಳೆದರೆ ಸಾಕು.

ನಿಮ್ಮ ಪತ್ರದಲ್ಲಿ ಬರೆಯದೇ ಬಿಟ್ಟ ಒಂದು ವಿಷಯವನ್ನು ನಾನೇ ಕೇಳಬೇಕಾಗಿದೆ: ಹುಳು ಬಿದ್ದಿದ್ದ ಸಂಗತಿಯನ್ನು ಆಸ್ಪತ್ರೆಯಲ್ಲಿ ಹೇಳಿದಿರಾ? ಮನೆಯಲ್ಲಿ ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ಯಾರಾದರೂ ಅಂದಾರು ಎಂಬ ಸಂಕೋಚದಿಂದ ಎಷ್ಟೋ ಮಂದಿ ಹುಳು ತೆಗೆದು, ಗಾಯ ತೊಳೆದು, ಬರಿಯ ಜ್ವರವೆಂದು ಹೇಳಿ ಬರುತ್ತಾರೆ. ಈ ಬ್ಯಾಕ್ಟೀರಿಯಾವನ್ನು ಸಾಮಾನ್ಯ ಪರೀಕ್ಷೆಗಳು ಬೇರೆ ಯಾವುದೋ ಎಂದು ತಪ್ಪಾಗಿ ಗುರುತಿಸುವುದುಂಟು; ‘ಮಾಲ್ಡಿ-ಟಾಫ್’ ಯಂತ್ರ ಅಥವಾ ಜೀನ್ ಪರೀಕ್ಷೆಯಿಂದ ಹೆಸರು ಖಚಿತವಾಗುತ್ತದೆ. ಹುಳುವಿನ ಸುದ್ದಿ ತಿಳಿದಿದ್ದರೆ ವೈದ್ಯರೂ ಪ್ರಯೋಗಾಲಯದವರೂ ಆ ದಿಕ್ಕಿನಲ್ಲಿ ಹುಡುಕುತ್ತಾರೆ. ಈವರೆಗೆ ಹೇಳಿಲ್ಲವಾದರೆ ಇಂದೇ ಹೇಳಿ.

ಪೆನಿಸಿಲಿನ್ ವರ್ಗದ ಔಷಧಗಳೂ ಸೇರಿದಂತೆ ಅನೇಕ ಸಾಮಾನ್ಯ ಆ್ಯಂಟಿಬಯೋಟಿಕ್‌ಗಳಿಗೆ ಈ ಬ್ಯಾಕ್ಟೀರಿಯಾ ಹೆಚ್ಚಾಗಿ ಮಣಿಯುತ್ತದೆ. ಆದರೆ ಇಂಥ ಗಾಯದಲ್ಲಿ ಇದೊಂದೇ ಇರುವುದು ಅಪರೂಪ. ಬೇರೆ ಬ್ಯಾಕ್ಟೀರಿಯಾಗಳೂ ಬೆರೆತಿರುವುದರಿಂದ ಔಷಧದ ಆಯ್ಕೆಯನ್ನು ವರದಿ ನೋಡಿದ ವೈದ್ಯರಿಗೇ ಬಿಡಿ, ಜ್ವರ ಇಳಿಯಿತೆಂದು ಅರ್ಧಕ್ಕೆ ನಿಲ್ಲಿಸಬೇಡಿ. ಕೊಳೆತ ಮಾಂಸವನ್ನು ಕತ್ತರಿಸಿ ತೆಗೆಯಬೇಕೆಂದರೆ ಒಪ್ಪಿಕೊಳ್ಳಿ, ಏಕೆಂದರೆ ಅದು ಉಳಿದರೆ ನೊಣಗಳು ಮತ್ತೆ ಮುತ್ತುತ್ತವೆ. ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯೇ ಎಂದೂ ಕೇಳಿ.

ಸೀಮೆಎಣ್ಣೆಯನ್ನು ಮತ್ತೆ ಬಳಸಬೇಡಿ. ಅದು ಜೀವವಿರುವ ಮಾಂಸವನ್ನೂ ಸುಡುತ್ತದೆ, ಆಳದಲ್ಲಿರುವ ಹುಳು ಒಳಗೇ ಸತ್ತು ಕೊಳೆಯಬಹುದು. ಮನೆಗೆ ಬಂದ ಮೇಲೆ ತಂದೆಯವರು ಕುರಿರೊಪ್ಪದ ಬಳಿ ಬರಿಗಾಲಿನಲ್ಲಿ ಓಡಾಡದಿರಲಿ, ಗಾಯ ಪೂರ್ತಿ ಮುಚ್ಚಿರಲಿ, ಮಲಗುವಾಗ ಹಗಲಿನಲ್ಲೂ ಸೊಳ್ಳೆಪರದೆ ಕಟ್ಟಿ. ಅಂಗಾಲನ್ನು ಪ್ರತಿದಿನ ಬೆಳಕಿನಲ್ಲಿ ನೋಡುವ ಕೆಲಸವನ್ನು ಮನೆಯಲ್ಲಿ ಒಬ್ಬರು ವಹಿಸಿಕೊಳ್ಳಿ. ತಂದೆಯವರಿಗೆ ತಮ್ಮ ಅಂಗಾಲು ಕಾಣುವುದಿಲ್ಲ.