ಜೋಂಗಾದ ಮೂಲ ಬಣ್ಣ: ಹೊಳಲ್ಕೆರೆಯ ಮಿತ್ರರಿಗೆ ಉತ್ತರ

ಹೊಳಲ್ಕೆರೆಯ ಮಿತ್ರರಿಗೆ ನಮಸ್ಕಾರ. ಅಡಿಕೆ ತೋಟದ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಜೋಂಗಾಕ್ಕೆ (ಸೇನೆ ಬಳಸುತ್ತಿದ್ದ ಜೀಪಿನಂಥ ಗಾಡಿ) ಮೂಲ ಹಸಿರನ್ನು ಮರಳಿ ತರಲು ಅದರ ಬಾನೆಟ್ ತೋರಿಸಿ ಅಂಗಡಿಯಲ್ಲಿ ಬಣ್ಣ ಬೆರೆಸಿಸಿದ್ದಾಗಿಯೂ, ಬಿಸಿಲಿನಲ್ಲಿ ಸರಿಯಾಗಿಯೇ ಕಂಡ ಆ ಬಣ್ಣ ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ನೀಲಿ ಹೊಡೆಯುತ್ತಿರುವುದಾಗಿಯೂ ಬರೆದಿದ್ದೀರಿ. ದಾವಣಗೆರೆಯಲ್ಲಿ ಎರಡು ಹಳೆಯ ಜೀಪುಗಳನ್ನು ಸರಿಪಡಿಸಿದ ಅನುಭವದಿಂದ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಕಾನೂನಿನ ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ರಕ್ಷಣಾ ಇಲಾಖೆಯ ವಾಹನಗಳನ್ನು ಬಿಟ್ಟು ಬೇರೆ ಯಾವ ವಾಹನಕ್ಕೂ ಆಲಿವ್ ಗ್ರೀನ್ ಬಣ್ಣ ಹಚ್ಚುವಂತಿಲ್ಲ. ಟ್ರ್ಯಾಕ್ಟರಿಗೂ ಇದು ಅನ್ವಯಿಸುತ್ತದೆ. ತಮ್ಮ ಗಾಡಿ ತೋಟದ ಮನೆಯ ಮುಂದೆಯೇ ಪ್ರದರ್ಶನಕ್ಕೆ ನಿಲ್ಲುತ್ತದೆ ಎಂದಿದ್ದೀರಿ. ಆದರೂ ಚಿತ್ರದುರ್ಗದ ಆರ್‌ಟಿಒ ಕಚೇರಿಗೆ ಒಂದು ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆದ ಮೇಲೆಯೇ ಸ್ಪ್ರೇ ಗನ್ ಕೈಗೆ ತೆಗೆದುಕೊಳ್ಳುವುದು ಒಳಿತು. ರಸ್ತೆಯಲ್ಲಿ ಓಡುವ ನನ್ನ ಜೀಪಿನ ಮೈಗೆ ಬೂದು ಬಣ್ಣ ಹೊಡೆಸಿದ್ದೇನೆ. ಅದರ ಮೂಲ ಹಸಿರು ಮಾದರಿಯ ಒಂದು ತಗಡಿನ ಮೇಲೆ ಮಾತ್ರ ಇದೆ.

ಇನ್ನು ತಮ್ಮ ತೊಂದರೆಯ ವಿಷಯ. ಬಾನೆಟ್ಟನ್ನು ಮಾದರಿಯಾಗಿ ಹಿಡಿದದ್ದೇ ಮೊದಲ ತಪ್ಪು. ಇದೇ ತಪ್ಪನ್ನು ನಾನೂ ಮಾಡಿ ಒಂದು ಡಬ್ಬಿ ಬಣ್ಣ ಹಾಳು ಮಾಡಿಕೊಂಡಿದ್ದೇನೆ. ನಮ್ಮ ಸೀಮೆಯ ಬಿಸಿಲಿಗೆ ಮ್ಯಾಟ್ (ಹೊಳಪಿಲ್ಲದ) ಬಣ್ಣದ ಮೇಲ್ಪದರದ ರಾಳ ಸವೆದು, ಬಣ್ಣದ ಪುಡಿ ಸುಣ್ಣದಂತೆ ಬೆರಳಿಗೆ ಅಂಟುತ್ತದೆ. ಆ ಬಿಳಿಚಿದ ಮೈಯನ್ನು ಅಳೆದರೆ ಅಂಗಡಿಯ ಬಣ್ಣ ಅಳೆಯುವ ಯಂತ್ರವೂ ತಿಳಿ ಬಣ್ಣವನ್ನೇ ತೋರಿಸುತ್ತದೆ. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ನೋಡಿ, ಒರೆಸಿದ ಜಾಗ ಎಷ್ಟು ಕಡುವಾಗುತ್ತದೆಂದು ತಿಳಿಯುತ್ತದೆ. ಹೊಳಲ್ಕೆರೆ, ಹೊಸದುರ್ಗದ ಕಡೆಯ ಕೆಂಧೂಳು ಇಂಥ ಪದರದೊಳಗೆ ಇಳಿದು ಕುಳಿತಿದ್ದರೆ ಹಸಿರು ಕಂದಿಗೆ ತಿರುಗಿ ಕಾಣುವುದೂ ಉಂಟು. ಆದ್ದರಿಂದ ಸೋಪಿನ ನೀರಿನಲ್ಲಿ ತೊಳೆಯದೆ ಯಾವ ಜಾಗವನ್ನೂ ನಂಬಬೇಡಿ.

ಮೂಲ ಬಣ್ಣ ಉಳಿದಿರುವುದು ಬಿಸಿಲು, ಮಳೆ, ಕುಂಚ ಮೂರೂ ಮುಟ್ಟದ ಜಾಗಗಳಲ್ಲಿ. ಡ್ಯಾಶ್‌ಬೋರ್ಡಿನ ಮಾಹಿತಿ ಫಲಕವನ್ನು ಬಿಚ್ಚಿ ಅದರ ಹಿಂಬದಿಯನ್ನೂ, ಸೀಟಿನ ಚೌಕಟ್ಟು ಕೂರುವ ತಗಡನ್ನೂ, ವಿಂಡ್‌ಶೀಲ್ಡಿನ ತಿರುಗಣೆಯ ಕೆಳಗನ್ನೂ ನೋಡಿ. ಬ್ಯಾಟರಿ ಟ್ರೇಯ ಸುತ್ತಮುತ್ತ ಆಸಿಡ್ ತಗುಲಿರುವುದರಿಂದ ಅದನ್ನು ಬಿಟ್ಟುಬಿಡಿ. ಒಂದು ಎಚ್ಚರ: ಎಣ್ಣೆ ಮೂಲದ ಎನಾಮೆಲ್ ಕತ್ತಲಿನಲ್ಲಿ ಹಳದಿಯಾಗುತ್ತದೆ. ಮುಚ್ಚಿದ ಜಾಗ ಸಿಕ್ಕಿತೆಂದು ತಕ್ಷಣ ಹೊಂದಿಸದೆ, ಆ ಭಾಗವನ್ನು ಕೆಲವು ದಿನ ಬೆಳಕಿಗೆ ತೆರೆದಿಟ್ಟು ಆಮೇಲೆ ನೋಡಿದರೆ ಹಳದಿ ಸ್ವಲ್ಪ ಇಳಿದಿರುತ್ತದೆ.

ನಂತರ ಪದರಗಳನ್ನು ಬಿಡಿಸಬೇಕು. ನಾಣ್ಯದಷ್ಟು ಜಾಗವನ್ನು ನೀರು ಹಾಕಿಕೊಂಡು 400ರ ವಾಟರ್ ಪೇಪರಿನಿಂದ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ; ಸಂಖ್ಯೆ ಹೆಚ್ಚಿದಷ್ಟೂ ನಯ) ತಗಡು ಕಾಣುವವರೆಗೆ ತೆಗೆದು, ಅಂಚನ್ನು 800, 1200, 2000 ಎಂದು ನಯಗೊಳಿಸುತ್ತ ಹೊರಕ್ಕೆ ಹರಡಿದರೆ, ಮರದ ದಿಮ್ಮಿಯ ಬಳೆಗಳಂತೆ ಒಂದೊಂದು ಬಣ್ಣವೂ ಒಂದೊಂದು ಉಂಗುರವಾಗಿ ಕಾಣುತ್ತದೆ. ನನ್ನ ಜೀಪಿನಲ್ಲಿ ಒಳಗಿನಿಂದ ಎಣಿಸಿದಾಗ ತಗಡು, ರೆಡ್ ಆಕ್ಸೈಡ್ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ಅಡಿಪದರ), ಕಂದು ಮಿಶ್ರಿತ ಹಸಿರು, ಮತ್ತೆ ಬೂದು ಪ್ರೈಮರ್, ಅದರ ಮೇಲೆ ಇನ್ನೊಂದು ಹಸಿರು, ಕೊನೆಗೆ ಯಾರೋ ಹೊಡೆಸಿದ ಬಿಳಿ, ಹೀಗೆ ಆರು ಉಂಗುರಗಳಿದ್ದವು. ಪ್ರೈಮರಿನ ಮೇಲಿನ ಮೊದಲ ಹಸಿರೇ ಕಾರ್ಖಾನೆಯದು ಎಂದುಕೊಳ್ಳಬಹುದು, ಆದರೆ ಸೇನೆಯ ವರ್ಕ್‌ಶಾಪಿನಲ್ಲಿ ಪೂರ್ತಿ ಕೆರೆದು ಮರುಜೋಡಿಸಿದ ಗಾಡಿಯಾದರೆ ಆ ಮಾತು ನಿಲ್ಲುವುದಿಲ್ಲ. ಆಗ ಯಾವ ಕಾಲದ ರೂಪಕ್ಕೆ ತರಬೇಕೆಂಬುದನ್ನು ತಾವೇ ನಿರ್ಧರಿಸಬೇಕಾಗುತ್ತದೆ. ಹಳೆಯ ಪದರಗಳಲ್ಲಿ ಸೀಸವಿರಬಹುದು, ಒಣದಾಗಿ ಉಜ್ಜಬೇಡಿ, ಮಾಸ್ಕ್ ಮರೆಯಬೇಡಿ.

ಬಣ್ಣದ ಸಂಖ್ಯೆಗಳ ಬಗ್ಗೆ ನಮ್ಮ ಹಳೆಯ ಗಾಡಿಗಳ ಗುಂಪಿನಲ್ಲಿ ಗೊಂದಲವಿದೆ. ನಿಸಾನ್ ಪ್ಯಾಟ್ರೋಲ್ ಗಾಡಿಯ ವಿನ್ಯಾಸದ ಮೇಲೆ ಜಬಲ್‌ಪುರದಲ್ಲಿ ತಯಾರಾದ ಜೋಂಗಾಕ್ಕೆ ಅಮೆರಿಕ ಸರ್ಕಾರದ ಬಣ್ಣಗಳ ಪಟ್ಟಿಯಾದ ಎಫ್‌ಎಸ್ 595ರ ಸಂಖ್ಯೆ ಹುಡುಕುವುದು ವ್ಯರ್ಥ. ಆ ಪಟ್ಟಿ ಬಂದದ್ದೇ 1956ರಲ್ಲಿ, ಹಾಗಾಗಿ ಯುದ್ಧಕಾಲದ ವಿಲ್ಲೀಸ್ ಜೀಪಿಗೂ ಅದು ಮೂಲ ಸಂಖ್ಯೆಯಾಗಲಾರದು, ಹೆಚ್ಚೆಂದರೆ ಹತ್ತಿರದ ಸಂಖ್ಯೆ. ನಮ್ಮಲ್ಲಿ ಬಣ್ಣಗಳ ಭಾರತೀಯ ಮಾನಕ ಐಎಸ್ 5ರ 220, ಆಲಿವ್ ಗ್ರೀನ್, ಒಳ್ಳೆಯ ಆರಂಭ. ಅದರ ಕಾರ್ಡನ್ನು ತಮ್ಮ ಉಂಗುರದ ಪಕ್ಕಕ್ಕಿಟ್ಟು, ಉಂಗುರದ ಬಣ್ಣ ಹಳದಿಗೆ ಎಷ್ಟು ವಾಲಿದೆ, ಕಪ್ಪಿಗೆ ಎಷ್ಟು ವಾಲಿದೆ ಎಂದು ಬರೆದುಕೊಳ್ಳಿ.

ಟ್ಯೂಬ್‌ಲೈಟಿನ ನೀಲಿಗೆ ಕಾರಣ ಬೇರೆ. ಆಲಿವ್ ಬಣ್ಣವನ್ನು ಹಳದಿ ಕಾವಿಗೆ ಕಪ್ಪು ಬೆರೆಸಿಯೇ ಪಡೆಯಬಹುದು. ಹಸಿರಿನ ಹನಿಯಿಲ್ಲದೆ ಹಸಿರು ಹುಟ್ಟುವುದನ್ನು ಮೊದಲ ಬಾರಿ ಕಂಡಾಗ ನನಗೇ ಆಶ್ಚರ್ಯವಾಗಿತ್ತು. ಅಂಗಡಿಯ ಯಂತ್ರ ಥ್ಯಾಲೊ (ಒಂದು ಬಗೆಯ ಗಾಢ ಕೃತಕ ಬಣ್ಣದ ಪುಡಿ) ಹಸಿರನ್ನೋ ನೀಲಿಯನ್ನೋ ಸೇರಿಸಿ ಅದೇ ಬಣ್ಣಕ್ಕೆ ಬಂದಿರಬಹುದು. ಬೆರೆಸಿದ ವಸ್ತು ಬೇರೆಯಾದಾಗ ಒಂದು ಬೆಳಕಿನಲ್ಲಿ ಹೊಂದಿದ ಎರಡು ಬಣ್ಣಗಳು ಇನ್ನೊಂದು ಬೆಳಕಿನಲ್ಲಿ ಬೇರ್ಪಡುತ್ತವೆ. ಥ್ಯಾಲೊ ಬಿಟ್ಟು ಹಳದಿ ಆಕ್ಸೈಡ್, ಕಪ್ಪು, ಬೇಕಾದರೆ ತುಸು ಕ್ರೋಮ್ ಆಕ್ಸೈಡ್ ಹಸಿರು, ಇಷ್ಟರಲ್ಲೇ ಬೆರೆಸಿಕೊಡಿ ಎಂದು ಕೇಳಿ. ಹೊಳಪನ್ನೂ ಆಗಲೇ ತೀರ್ಮಾನಿಸಿ, ಏಕೆಂದರೆ ಅದೇ ಬಣ್ಣ ಹೊಳಪಿನಲ್ಲಿ ಕಡುವಾಗಿಯೂ ಮ್ಯಾಟ್‌ನಲ್ಲಿ ತಿಳಿಯಾಗಿಯೂ ಕಾಣುತ್ತದೆ.

ಡಬ್ಬಿಯಲ್ಲಿ ನೋಡಿ ಒಪ್ಪಬೇಡಿ. ಒಂದು ಅಡಿ ತಗಡಿಗೆ ಗಾಡಿಗೆ ಹಾಕುವ ಪ್ರೈಮರನ್ನೇ ಹಾಕಿ, ಗನ್ನಿನಿಂದ ಎರಡು ಕೋಟ್ ಹೊಡೆದು, ಪೂರ್ತಿ ಒಣಗಿದ ಮೇಲೆ ಮಧ್ಯಾಹ್ನದ ತೆರೆದ ನೆರಳಿನಲ್ಲಿ ಒಮ್ಮೆ, ರಾತ್ರಿ ಅದೇ ಟ್ಯೂಬ್‌ಲೈಟಿನ ಕೆಳಗೆ ಒಮ್ಮೆ ಉಂಗುರದ ಪಕ್ಕ ಹಿಡಿದು ನೋಡಿ. ಎರಡರಲ್ಲೂ ಹೊಂದಿದರೆ ತಗಡಿನ ಹಿಂಬದಿಗೆ ಬೆರಕೆಯ ಪ್ರಮಾಣವನ್ನು ಬರೆದಿಡಿ. ಉಂಗುರ ತೆಗೆದ ಜಾಗವನ್ನು ಮಾತ್ರ ಮುಚ್ಚಿಸಬೇಡಿ. ಅದರ ಮೇಲೆ ಟೇಪ್ ಅಂಟಿಸಿಯೇ ಸ್ಪ್ರೇ ಮಾಡಿಸಿ.