ಗೊತ್ತಿರುವವರ ನಡುವಿನ ಮಾತು: ಮಾದರಿ ರೈಲಿನ ಪ್ರಬಂಧವೊಂದಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಮೈಸೂರಿನ ಒಂದು ಮನೆಯ ಮಹಡಿಯ ಕೋಣೆಯಲ್ಲಿ ದಿನಾ ಸಂಜೆ ಸೇರುವ ನಾಲ್ವರು ಮಾದರಿ ರೈಲು ಹವ್ಯಾಸಿಗಳ ಹರಟೆಯನ್ನು ಕುರಿತು ನೀವು ಕಳುಹಿಸಿದ ಹದಿನಾಲ್ಕು ಪುಟಗಳ ಪ್ರಬಂಧವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಹಾಗೆಂದು ವಿಷಾದದ ಒಂದು ಸಾಲು ಬರೆದು ಹಿಂದಿರುಗಿಸಲು ಮನಸ್ಸು ಒಪ್ಪಲಿಲ್ಲ. ಏಕೆಂದರೆ ಈ ಹವ್ಯಾಸವನ್ನು ಕುರಿತ ಕನ್ನಡ ಬರಹ ನನ್ನ ಮೇಜಿಗೆ ಬರುವುದೇ ಅಪರೂಪ, ಮತ್ತು ನಿಮ್ಮ ಒಂಬತ್ತನೆಯ ಪುಟ ನಿಜಕ್ಕೂ ಚೆನ್ನಾಗಿದೆ. ನಾನೂ ಹಲವು ವರ್ಷಗಳಿಂದ ಮನೆಯಲ್ಲಿ ಒಂದು ಪ್ಲೈವುಡ್ ಹಲಗೆಯ ಮೇಲೆ ಹಳಿ ಹಾಕಿಕೊಂಡು ಕುಳಿತವನು. ಆದ್ದರಿಂದ ನಿಮ್ಮ ನಾಲ್ವರೂ ಬಾಯಿ ತೆರೆದಾಗಲೆಲ್ಲ ನನಗೆ ಎಲ್ಲಿ ನಂಬಿಕೆ ಹುಟ್ಟಿತು, ಎಲ್ಲಿ ಹುಟ್ಟಲಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಮೂರನೆಯ ಪುಟದಲ್ಲಿ ನಿವೃತ್ತ ಗಾರ್ಡ್ ತಮ್ಮ ಗೆಳೆಯರಾದ ಮೇಷ್ಟರಿಗೆ ಹೀಗೆನ್ನುತ್ತಾರೆ: “ನಿಮಗೆ ತಿಳಿದಿರುವಂತೆ ಎಚ್‌ಒ ಎಂದರೆ 1:87ರ ಪ್ರಮಾಣ. ಅದರಲ್ಲಿ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್.” ಅದಕ್ಕೆ ಮೇಷ್ಟರು, “ಹೌದು, ಎನ್ ಸ್ಕೇಲಿನಲ್ಲಾದರೆ ಪ್ರಮಾಣ 1:160, ಅಂತರ 9 ಮಿಲಿಮೀಟರ್” ಎಂದು ಉತ್ತರಿಸುತ್ತಾರೆ. ಅಂಕಿಗಳಲ್ಲಿ ತಪ್ಪಿಲ್ಲ; 1:87 ಎಂದರೆ ಮಾದರಿಯ ಅಳತೆ ನಿಜವಾದ ರೈಲಿನ ಎಂಬತ್ತೇಳನೆಯ ಒಂದು ಭಾಗ. ಆದರೆ ಎಂಟು ವರ್ಷಗಳಿಂದ ಒಂದೇ ಹಲಗೆಯ ಮೇಲೆ ರೈಲು ಓಡಿಸುತ್ತಿರುವ ಇಬ್ಬರು ಪರಸ್ಪರ ಹೀಗೆ ಮಾತನಾಡುವುದಿಲ್ಲ. ಅಡುಗೆಮನೆಯಲ್ಲಿ ಅತ್ತೆ ಸೊಸೆಗೆ “ನಿನಗೆ ತಿಳಿದಿರುವಂತೆ ಸಾಸಿವೆ ಎಂಬುದು ಒಗ್ಗರಣೆಗೆ ಹಾಕುವ ಕಾಳು” ಎಂದು ಹೇಳುವುದುಂಟೇ? ನೀವು ಓದುಗರಿಗೆ ತಿಳಿಸಬೇಕಾದುದನ್ನು ಪಾತ್ರಗಳ ಬಾಯಿಗೆ ತುರುಕಿದ್ದೀರಿ. ಹದಿನಾಲ್ಕರಲ್ಲಿ ಒಂಬತ್ತು ಪುಟಗಳು ಈ ಬಗೆಯ ಮಾತಿನಿಂದಲೇ ತುಂಬಿವೆ.

ಇದನ್ನು ಸರಿಪಡಿಸಲು ಪಕ್ಕದ ಮನೆಯ ಹುಡುಗನೊಬ್ಬನನ್ನು ಕರೆತಂದು ಅವನಿಂದ “ಅಂಕಲ್, ಇದೇನು?” ಎಂದು ಕೇಳಿಸಬೇಡಿ. ಆ ಹುಡುಗ ಪ್ರಶ್ನೆ ಕೇಳುವುದಕ್ಕೆಂದೇ ಬಂದವನು ಎಂಬುದು ಓದುಗರಿಗೆ ತಕ್ಷಣ ಗೊತ್ತಾಗುತ್ತದೆ. ಗೊತ್ತಿರುವವರು ಗೊತ್ತಿರುವವರಂತೆಯೇ ಮಾತನಾಡಲಿ. ವಿವರಣೆ ಬೇಕಾದಲ್ಲಿ ಅದನ್ನು ನಿಮ್ಮ ಸ್ವಂತ ದನಿಯಲ್ಲಿ, ಎರಡು ಸಾಲಿನಲ್ಲಿ ಕೊಟ್ಟು ಮುಂದೆ ನಡೆಯಿರಿ. ಡಿಜಿಟಲ್ ನಿಯಂತ್ರಣವನ್ನು ವಿವರಿಸಲು ನೀವು ಒಂದು ಪುಟ ಸಂಭಾಷಣೆ ಬರೆದಿದ್ದೀರಿ. ಅದರ ಬದಲು ನಾನು ನನ್ನ ಕೋಣೆಯಲ್ಲಿ ಕೇಳಿರುವಂಥ ಮಾತನ್ನು ಇಲ್ಲಿ ಬರೆದು ತೋರಿಸುತ್ತೇನೆ:

“ಯಾರ್ರೀ ಅದು, ಎರಡನೇ ಲೈನಲ್ಲಿ ಇಂಜಿನ್ ಬಿಟ್ಟಿದ್ದು?”

“ನಾನು ಮುಟ್ಟೇ ಇಲ್ಲ ಸಾರ್. ನಿಮ್ಮದು ಹೊರಟ ಕೂಡಲೇ ಅದೂ ಹೊರಟುಬಿಡ್ತು.”

“ಹೊಸದಾ? ನಂಬರ್ ಹಾಕಿದ್ದೀರಾ?”

“ಇಲ್ಲ, ಹಾಕ್ಬೇಕು.”

“ಹಾಗಾದ್ರೆ ಇನ್ನೂ ಮೂರರಲ್ಲೇ ಇದೆ. ನನ್ನದೂ ಮೂರೇ. ಎತ್ತಿ, ಎತ್ತಿ, ಪಾಯಿಂಟ್ ಹತ್ರ ಬಂತು!”

ಇಷ್ಟಾದ ಮೇಲೆ ನೀವು ಹೇಳಬೇಕಾದುದು ಇಷ್ಟೇ: ಈ ವ್ಯವಸ್ಥೆಯಲ್ಲಿ ವಿದ್ಯುತ್ತೂ ಆಜ್ಞೆಯೂ ಅವೇ ಎರಡು ಹಳಿಗಳ ಮೂಲಕ ಹರಿಯುತ್ತವೆ; ಪ್ರತಿ ಇಂಜಿನ್ನಿನ ಒಳಗಿರುವ ಸಣ್ಣ ಡಿಕೋಡರ್ ತನ್ನ ಸಂಖ್ಯೆಗೆ ಬಂದ ಆಜ್ಞೆಯನ್ನು ಮಾತ್ರ ಪಾಲಿಸುತ್ತದೆ; ಹೊಸ ಇಂಜಿನ್ ಕಾರ್ಖಾನೆಯಿಂದ ಬರುವಾಗ ಆ ಸಂಖ್ಯೆ ಸಾಮಾನ್ಯವಾಗಿ 3 ಆಗಿರುತ್ತದೆ. ತಾಂತ್ರಿಕ ವಿಷಯ ಓದುಗರಿಗೆ ತಲುಪಿತು, ಮೇಲಾಗಿ ಹೊಸ ಇಂಜಿನ್ ತಂದವನ ಆತುರವೂ, ತನ್ನ ಇಂಜಿನ್ನಿನ ಸಂಖ್ಯೆಯನ್ನು ಇಷ್ಟು ದಿನವಾದರೂ ಬದಲಾಯಿಸದ ಹಿರಿಯರ ಅಲಕ್ಷ್ಯವೂ ಕಣ್ಣಿಗೆ ಬಿದ್ದವು.

ಎರಡನೆಯ ಮಾತು ಪದಗಳ ಬಗ್ಗೆ. ನಿಮ್ಮ ಗಾರ್ಡ್ ಮೂವತ್ತನಾಲ್ಕು ವರ್ಷ ನಮ್ಮ ರೈಲಿನಲ್ಲಿ ದುಡಿದವರು. ಅಂಥವರ ಬಾಯಲ್ಲಿ ‘ಟರ್ನ್‌ಔಟ್’, ‘ಟೈ’, ‘ಕಬೂಸ್’ ಎಂಬ ಪದಗಳನ್ನು ಇಟ್ಟಿದ್ದೀರಿ. ನೀವು ಈ ಹವ್ಯಾಸವನ್ನು ಅಮೆರಿಕದ ಪತ್ರಿಕೆಗಳನ್ನು ಓದಿ ಕಲಿತಿದ್ದೀರೆಂದು ಇದರಿಂದ ತಿಳಿಯಿತು; ಆದರೆ ನಮ್ಮ ರೈಲ್ವೆಯವರಿಗೆ ಅವು ಕ್ರಮವಾಗಿ ಪಾಯಿಂಟ್ (ಹಳಿ ಕವಲೊಡೆಯುವ ಜಾಗ), ಸ್ಲೀಪರ್ (ಹಳಿಯ ಕೆಳಗಿನ ಅಡ್ಡಪಟ್ಟಿ), ಗಾರ್ಡ್ ವ್ಯಾನ್. 2022ರಲ್ಲಿ ಗಾರ್ಡ್ ಹುದ್ದೆಯ ಹೆಸರನ್ನು ‘ಟ್ರೇನ್ ಮ್ಯಾನೇಜರ್’ ಎಂದು ಬದಲಾಯಿಸಿದ್ದಾರೆ, ಆದರೂ ಅದಕ್ಕೂ ಮೊದಲೇ ನಿವೃತ್ತರಾದವರು ತಮ್ಮನ್ನು ಗಾರ್ಡ್ ಎಂದೇ ಕರೆದುಕೊಳ್ಳುತ್ತಾರೆ. ಇನ್ನೊಂದು ತುದಿಯಲ್ಲಿ, ಎಲೆಕ್ಟ್ರಿಕಲ್ ಕೆಲಸದ ಹುಡುಗನ ಬಾಯಲ್ಲಿ ‘ಬೆಸುಗೆಯ ಉಷ್ಣಸಲಾಕೆ’ ಬಂದಿದೆ. ಅವನು ಅದನ್ನು ದಿನಾ ಹಿಡಿಯುವವನು. ಸೋಲ್ಡರಿಂಗ್ ಐರನ್ ಎಂದೇ ಅವನಿಗೆ ಗೊತ್ತು. ಕನ್ನಡದ ಮೇಲಿನ ನಿಮ್ಮ ಪ್ರೀತಿಯನ್ನು ನಾನು ಗೌರವಿಸುತ್ತೇನೆ, ಆದರೆ ಆ ಪ್ರೀತಿ ವಾಕ್ಯದ ನಡೆಯಲ್ಲಿ ಕಾಣಲಿ. ಸಾಮಾನಿನ ಹೆಸರನ್ನು ಅದನ್ನು ಬಳಸುವವರಿಗೇ ಬಿಟ್ಟುಕೊಡಿ.

ಈಗ ಪ್ರಬಂಧದ ತಿರುಳಿಗೆ ಬರುತ್ತೇನೆ. ಐದನೆಯ ಪುಟದಲ್ಲಿ, “ಗೇಜಿನ ವಿಷಯದಲ್ಲಿ ಅವರಿಗೆ ಆಗಾಗ ಜಗಳವಾಗುತ್ತಿತ್ತು” ಎಂಬ ಒಂದು ವಾಕ್ಯವಿದೆ. ಆ ಒಂದು ವಾಕ್ಯ ನಾಲ್ಕು ಪುಟವಾಗಬೇಕಿತ್ತು. ಗೇಜ್ ಎಂದರೆ ಎರಡು ಹಳಿಗಳ ನಡುವಿನ ಅಂತರ. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್ ಅಗಲ. ಯುರೋಪು, ಅಮೆರಿಕಗಳ ಸ್ಟ್ಯಾಂಡರ್ಡ್ ಗೇಜ್ 1435. ಅಂಗಡಿಯಲ್ಲಿ ಸಿಗುವ 16.5 ಮಿಲಿಮೀಟರ್ ಹಳಿ ಆ 1435ನ್ನು 87ರಿಂದ ಭಾಗಿಸಿದಾಗ ಬರುವ ಅಳತೆ. ನಮ್ಮದನ್ನು ಭಾಗಿಸಿದರೆ ಬರುವುದು 19.26. ಅಂದರೆ ನಮ್ಮ ಡಬ್ಲ್ಯುಡಿಎಂ-2 ಡೀಸೆಲ್ ಇಂಜಿನ್ನಿನ ಮೈಯನ್ನು ಎಷ್ಟೇ ಕರಾರುವಾಕ್ಕಾಗಿ ಮಾಡಿದರೂ ಅದರ ಕಾಲಡಿಯ ಹಳಿ ಸುಮಾರು ಮೂರು ಮಿಲಿಮೀಟರ್ ಕಿರಿದು. ಎದುರಿನಿಂದ ನೋಡಿದಾಗ, ದಪ್ಪ ಮೈಯ ಆಳು ಕಾಲು ಕೂಡಿಸಿ ನಿಂತ ಹಾಗೆ ಕಾಣುತ್ತದೆ. ಹಾಗೆಂದು 19.26ರ ಹಳಿಯನ್ನು ಕೈಯಾರೆ ಹಾಕಲು ಹೊರಟರೆ ಕೊಂಡುತಂದ ಪ್ರತಿಯೊಂದು ಗಾಲಿಯ ಅಚ್ಚನ್ನೂ ಅಗಲಿಸಬೇಕು, ಪ್ರತಿ ಪಾಯಿಂಟನ್ನೂ ತಾನೇ ಕಟ್ಟಬೇಕು, ಮತ್ತು ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ಗೆಳೆಯರ ಹಲಗೆಯ ಮೇಲೆ ಆ ರೈಲು ಎಂದಿಗೂ ಓಡದು. ನಿಮ್ಮ ಮೇಷ್ಟರು ಕರಾರುವಾಕ್ ಅಳತೆಯ ಹಟದವರು, ಗಾರ್ಡ್ “ರೈಲು ಅಂದ ಮೇಲೆ ಓಡಬೇಕು” ಎನ್ನುವವರು ಎಂದು ಮೊದಲ ಪುಟದಲ್ಲೇ ಸೂಚಿಸಿದ್ದೀರಿ. ಅಳತೆಯ ಸತ್ಯವನ್ನು ಆರಿಸಿಕೊಂಡವನು ಸ್ನೇಹಿತರಿಂದ ದೂರವಾಗುತ್ತಾನೆ ಎಂಬ ಸಂಕಟ ಈ ಮೂರು ಮಿಲಿಮೀಟರಿನಲ್ಲಿದೆ. ಅದು ದಿನನಿತ್ಯದ ಹರಟೆಯ ನಡುವೆಯೇ, ಯಾರೂ ದನಿ ಏರಿಸದೆಯೂ, ಹೊರಬರಬಲ್ಲದು.

ನಿಮ್ಮ ನಾಲ್ಕನೆಯ ಪಾತ್ರ, ಎಲ್ಲರ ಜೊತೆ ಕಾಫಿ ಕುಡಿದು ಸುಮ್ಮನೆ ಕೂರುವ ಬ್ಯಾಂಕಿನವರು, ನಂದಿ ಹಾಲ್ಟ್ ನಿಲ್ದಾಣದ ಮಾದರಿ ಕಟ್ಟುತ್ತಿದ್ದಾರೆ. ಇದು ಎಷ್ಟು ಒಳ್ಳೆಯ ಆಯ್ಕೆ ಎಂಬುದನ್ನು ನೀವೇ ಗಮನಿಸಿಲ್ಲ. ಆ ನಿಲ್ದಾಣದ ಮೂಲಕ ಚಿಕ್ಕಬಳ್ಳಾಪುರ, ಕೋಲಾರಗಳ ಕಡೆಗೆ ಹೋಗುತ್ತಿದ್ದ ಹಳೆಯ ನ್ಯಾರೋ ಗೇಜ್ 762 ಮಿಲಿಮೀಟರ್. 87ರಿಂದ ಭಾಗಿಸಿದರೆ 8.76. ಎನ್ ಸ್ಕೇಲಿನವರಿಗೆಂದು ಮಾರುವ 9 ಮಿಲಿಮೀಟರ್ ಹಳಿಯನ್ನೇ ಹಾಸಿದರೆ ವ್ಯತ್ಯಾಸ ಕಾಲು ಮಿಲಿಮೀಟರ್, ಕಣ್ಣಿಗೆ ಕಾಣುವುದೇ ಇಲ್ಲ. ಇಬ್ಬರು ವರ್ಷಗಟ್ಟಲೆ ಬಗೆಹರಿಸಲಾಗದೆ ಒದ್ದಾಡುತ್ತಿರುವುದು ಮಾತನಾಡದ ಈ ಮನುಷ್ಯನಿಗೆ ಸಮಸ್ಯೆಯೇ ಅಲ್ಲ. ಅವರನ್ನು ಆ ಜಗಳದ ನಡುವೆ ಕೂರಿಸಿ, ಕೈಯಲ್ಲಿ ಪುಟ್ಟ ನಿಲ್ದಾಣದ ಛಾವಣಿಗೆ ಬಣ್ಣ ಬಳಿಯುವ ಕುಂಚ ಕೊಡಿ. ಹೆಚ್ಚಿಗೆ ಏನೂ ಹೇಳಿಸಬೇಡಿ.

ಇಷ್ಟೇ ಸಮೃದ್ಧವಾದ ಇನ್ನೊಂದು ವಿಷಯ ಕೋಣೆಯಲ್ಲಿ ಜಾಗದ ಕೊರತೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಾಟಿಯನ್ನು ಕಟ್ಟುವುದು ಗಾರ್ಡ್ ಅವರ ಆಸೆ ಎಂದು ಬರೆದು, ಅದರ ಸೌಂದರ್ಯವನ್ನು ಎರಡು ಪುಟ ವರ್ಣಿಸಿದ್ದೀರಿ. ಹವ್ಯಾಸಿಗಳು ಕೂತು ಮಾತನಾಡುವಾಗ ಮಂಜು, ಜಲಪಾತಗಳ ವರ್ಣನೆ ಬರುವುದಿಲ್ಲ, ಲೆಕ್ಕ ಬರುತ್ತದೆ. 55 ಕಿಲೋಮೀಟರಿನ ಘಾಟಿ 1:87ರಲ್ಲಿ 632 ಮೀಟರ್ ಆಗುತ್ತದೆ. ಕೋಣೆ ಇರುವುದು ಹನ್ನೆರಡು ಅಡಿ. 57 ಸುರಂಗಗಳಲ್ಲಿ ಎಷ್ಟನ್ನು ಉಳಿಸಿಕೊಳ್ಳುವುದು? ಬ್ರಾಡ್ ಗೇಜಿನಲ್ಲಿ ಅನುಮತಿಯಿರುವ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. ಮಾದರಿಯಲ್ಲಿ ಅದೇ ಎರಡು ಮೀಟರ್, ಅಂದರೆ ಒಂದು ಅರ್ಧವೃತ್ತಕ್ಕೇ ಕೋಣೆಯ ಉದ್ದ ಮುಗಿಯಿತು. ಒಂದು ಹಳಿಯ ಮೇಲೆ ಇನ್ನೊಂದನ್ನು ದಾಟಿಸಲು ಎಂಟು ಸೆಂಟಿಮೀಟರ್ ಏರಬೇಕೆಂದರೆ, ಘಾಟಿಯಲ್ಲಿರುವಂತೆ ಐವತ್ತಕ್ಕೆ ಒಂದರ ಏರಿನಲ್ಲಿ ನಾಲ್ಕು ಮೀಟರ್ ಓಡಬೇಕು. ಚೆನ್ನೈನ ಕಾರ್ಖಾನೆಯ ಐಸಿಎಫ್ ಮಾದರಿಯ ಒಂದು ಬೋಗಿ ಸುಮಾರು ಇಪ್ಪತ್ತೈದು ಸೆಂಟಿಮೀಟರ್ ಉದ್ದ ಬರುವುದರಿಂದ ಹದಿನೆಂಟು ಬೋಗಿಗಳ ರೈಲು ಕೋಣೆಯಲ್ಲಿ ಹಿಡಿಯುವುದೇ ಇಲ್ಲ. “ಐದು ಬೋಗಿಯಾದ್ರೆ ಎಕ್ಸ್‌ಪ್ರೆಸ್ ಅನ್ನಬಹುದಾ ಸಾರ್?” ಎಂದು ಹುಡುಗ ಕೇಳುವುದೂ, ಜೀವಮಾನವಿಡೀ ನಿಜವಾದ ರೈಲಿಗೆ ಹಸಿರು ಬಾವುಟ ತೋರಿಸಿದ ಗಾರ್ಡ್ ಬೋಗಿಗಳನ್ನು ಒಂದೊಂದಾಗಿ ಕಣ್ಣಲ್ಲೇ ಎಣಿಸಿ ಮೌನವಾಗುವುದೂ ನಿಮಗೆ ಸುಲಭವಾಗಿ ದಕ್ಕಬಹುದಾಗಿದ್ದ ಪುಟ. ಆ ಮೌನದಲ್ಲಿ ಘಾಟಿಯ ಮೇಲಿನ ಅವರ ಪ್ರೀತಿ ನಿಮ್ಮ ಎರಡು ಪುಟಗಳ ವರ್ಣನೆಗಿಂತ ಹೆಚ್ಚು ಕಾಣುತ್ತದೆ.

ಹನ್ನೆರಡನೆಯ ಪುಟದಲ್ಲಿ ಜರ್ಮನಿಯ ಹ್ಯಾಂಬರ್ಗಿನ ಮಾದರಿ ರೈಲು ಪ್ರದರ್ಶನವಾದ ಮಿನಿಯಾಟೂರ್ ವುಂಡರ್‌ಲ್ಯಾಂಡ್ 2001ರಲ್ಲಿ ತೆರೆದದ್ದು, ಪುಣೆಯ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ 1998ರಲ್ಲಿ ಆರಂಭವಾದದ್ದು ಮುಂತಾದ ಸಂಗತಿಗಳ ಪಟ್ಟಿಯಿದೆ. ಪಟ್ಟಿಯನ್ನು ಪೂರ್ತಿ ತೆಗೆಯಿರಿ. ನಾಲ್ವರೂ ಪುಣೆಗೆ ಹೋಗಿಬಂದರೆಂದು ಬರೆದಿದ್ದೀರಲ್ಲ, ಹಿಂದಿರುಗುವಾಗ ರೈಲಿನಲ್ಲಿ ಏನು ಮಾತನಾಡಿಕೊಂಡರು ಎಂಬುದು ನನಗೆ ಬೇಕು.

ನನ್ನನ್ನು ನಿಜವಾಗಿ ನೋಯಿಸಿದ್ದು ಒಂದೇ ಒಂದು ವಾಕ್ಯ: “ಆ ಕೋಣೆಯಲ್ಲಿ ಮುದುಕರು ಮತ್ತೆ ಮಕ್ಕಳಾಗುತ್ತಿದ್ದರು.” ದಯವಿಟ್ಟು ಇದನ್ನು ಹೊಡೆದುಹಾಕಿ. ಹಲಗೆ ಕೊಯ್ಯುವ ಬಡಗಿ ಕೆಲಸ, ತಂತಿ ಎಳೆಯುವ ವಿದ್ಯುತ್ ಕೆಲಸ, ತಿರುವು ಎಳೆಯುವ ರೇಖಾಗಣಿತ, ಗಂಟೆಗೆ 60 ಕಿಲೋಮೀಟರ್ ವೇಗ ಮಾದರಿಯಲ್ಲಿ ಸೆಕೆಂಡಿಗೆ 19 ಸೆಂಟಿಮೀಟರ್ ಮಾತ್ರ ಎಂದು ಕೈಯನ್ನು ಹಿಡಿತದಲ್ಲಿಟ್ಟುಕೊಳ್ಳುವ ಸಂಯಮ, ಇವೆಲ್ಲ ಬಲಿತ ಮನಸ್ಸಿನ ಕೆಲಸಗಳು. ಮಗು ಆಟಿಕೆಯನ್ನು ಜೋರಾಗಿ ಓಡಿಸುತ್ತದೆ. ಇವರು ನಿಧಾನವಾಗಿ ಓಡಿಸಲು ವರ್ಷಗಳನ್ನು ಕೊಟ್ಟವರು. ನೀವು ಅವರನ್ನು ಕನಿಕರದಿಂದ ನೋಡಿದ ಕೂಡಲೇ ಅವರ ಮಾತೂ ಓದುಗರಿಗೆ ಹಗುರವಾಗಿಬಿಡುತ್ತದೆ.

ಕೊನೆಯದಾಗಿ ಆ ಒಂಬತ್ತನೆಯ ಪುಟ. ಮೇಷ್ಟರು ಜರಡಿ ಹಿಡಿದ ಸಣ್ಣ ಜಲ್ಲಿಯನ್ನು ಚಮಚದ ತುದಿಯಿಂದ ಸ್ಲೀಪರುಗಳ ನಡುವೆ ಉದುರಿಸಿ, ಒಣ ಕುಂಚದಿಂದ ಸವರಿ, ನೀರು ಬೆರೆಸಿದ ಫೆವಿಕಾಲಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ, ಸಿರಿಂಜಿನಿಂದ ತೊಟ್ಟುತೊಟ್ಟಾಗಿ ಬಿಡುತ್ತಾರೆ. ಸೋಪು ಇಲ್ಲದಿದ್ದರೆ ಅಂಟಿನ ಹನಿ ಗುಂಡಗೆ ನಿಂತು ಕಲ್ಲುಗಳನ್ನೇ ಎಳೆದುಕೊಂಡು ಹೋಗುತ್ತದೆ ಎಂಬುದನ್ನು ನೀವು ಕಣ್ಣಾರೆ ಕಂಡು ಬರೆದಿದ್ದೀರಿ. ಅಲ್ಲಿ ಗಾರ್ಡ್ “ಕಲ್ಲು ದಪ್ಪ ಆಯ್ತು, ಇದು ಜಲ್ಲಿಯಲ್ಲ, ಬಂಡೆ” ಎಂದಷ್ಟೇ ಹೇಳುತ್ತಾರೆ. ಮೇಷ್ಟರು ಉತ್ತರ ಕೊಡದೆ ಇನ್ನೂ ಸಣ್ಣ ಕಣ್ಣಿನ ಜರಡಿ ತರಲು ಎದ್ದುಹೋಗುತ್ತಾರೆ. ಒಂದು ಮಿಲಿಮೀಟರಿನ ಕಲ್ಲು ನಿಜದ ಅಳತೆಯಲ್ಲಿ ಎಂಟೂಮುಕ್ಕಾಲು ಸೆಂಟಿಮೀಟರಿನದಾಗುವುದರಿಂದ ಗಾರ್ಡ್ ಹೇಳಿದ್ದು ಸರಿ, ಮತ್ತು ಅದನ್ನು ನೀವು ವಿವರಿಸದೆ ಬಿಟ್ಟದ್ದು ಇನ್ನೂ ಸರಿ.

ಪ್ರಬಂಧವನ್ನು ಇಲ್ಲಿಂದಲೇ ಆರಂಭಿಸಿ, ಗೇಜಿನ ಜಗಳವನ್ನು ಮಧ್ಯದಲ್ಲಿಟ್ಟು, ಆರೇಳು ಪುಟಗಳಲ್ಲಿ ಮತ್ತೆ ಬರೆಯಿರಿ. ಬರೆಯುವ ಮೊದಲು ಒಂದು ವಾರ ಆ ಕೋಣೆಯಲ್ಲಿ ಟಿಪ್ಪಣಿ ಪುಸ್ತಕ ತೆರೆಯದೆ ಕುಳಿತು ಬನ್ನಿ. ಸಾಧ್ಯವಾದರೆ ಹಳಿ ಒರೆಸುವ ಬಟ್ಟೆಯನ್ನು ನೀವೇ ಕೈಗೆತ್ತಿಕೊಳ್ಳಿ. ತಿದ್ದಿದ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳುಹಿಸಿ, ಬಂದ ವಾರದಲ್ಲೇ ಓದಿ ಉತ್ತರಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ